ದೊಡ್ಡ ವಿಮಾನ ಕಂಡರೆ ಮೊದಲು ಬಾಗಿಲು ಹುಡುಕಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿ ಆಯ್ತು. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಕರೆಂಟ್ ಹೋದರೆ ಪ್ರೊಜೆಕ್ಟರ್ ನಿಲ್ಲುತ್ತದೆ, ನನ್ನ ಮಾತು ನಿಲ್ಲುವುದಿಲ್ಲ. ಶಿವಮೊಗ್ಗದವರಿಗೆ ಇದನ್ನು ಬೇರೆ ಹೇಳಬೇಕಾ?

ವಿಮಾನದ ಹುಚ್ಚಿರುವವರಲ್ಲಿ ಎರಡು ಪಂಗಡ. ಒಂದು, ಫೈಟರ್ ಜೆಟ್ ಪಂಗಡ. ಇವರು ಯಲಹಂಕದ ಏರೋ ಇಂಡಿಯಾಗೆ ಹೋಗಿ, ಬಿಸಿಲಲ್ಲಿ ನಿಂತು, ಕಿವಿ ಮುಚ್ಚಿಕೊಂಡು ಆಕಾಶ ನೋಡುತ್ತಾರೆ. ಇನ್ನೊಂದು ನಮ್ಮ ಪಂಗಡ. ನಮಗೆ ವೇಗ ಬೇಡ. ಡೊಳ್ಳು ಹೊಟ್ಟೆಯದ್ದು, ಗೂನು ಬೆನ್ನಿನದ್ದು, ಇದು ಹಾರುತ್ತಾ ಅಂತ ಅನುಮಾನ ಬರುವಂಥದ್ದು, ಅಂಥ ವಿಮಾನ ಬೇಕು. ಯಾಕೆ ಇಷ್ಟ ಅಂತ ಯಾರಾದರೂ ಕೇಳಿದರೆ ನಾವು ತಕ್ಷಣ ಅಂಕಿ ಒಪ್ಪಿಸುತ್ತೇವೆ. ಆಂಟೊನೊವ್ 225 ಅನ್ನೋ ಉಕ್ರೇನಿನ ಸರಕು ವಿಮಾನದ ರೆಕ್ಕೆ ತುದಿಯಿಂದ ತುದಿಗೆ 88 ಮೀಟರ್, ತುಂಬಿದ ತೂಕ 640 ಟನ್, ಚಕ್ರ 32. ಕೇಳಿದವರು ಅಬ್ಬಾ ಅಂತಾರೆ, ಐದು ನಿಮಿಷಕ್ಕೆ ಮರೆತುಬಿಡುತ್ತಾರೆ. ನನ್ನ ಪ್ರಕಾರ ಗಾತ್ರ ಅಷ್ಟು ದೊಡ್ಡ ವಿಷಯವೇ ಅಲ್ಲ. ವಿಚಿತ್ರ ಆಕಾರದ ವಿಮಾನ ಕಂಡರೆ ಮೊದಲು ಬಾಗಿಲು ಎಲ್ಲಿದೆ ಅಂತ ಹುಡುಕಿ. ಆ ಆಕಾರ ಯಾಕೆ ಬಂತು ಅನ್ನೋದು ಬಹಳ ಸಲ ಅಲ್ಲೇ ಸಿಕ್ಕಿಬಿಡುತ್ತದೆ.

ಸ್ವಲ್ಪ ಬಿಡಿಸಿ ಹೇಳ್ತೀನಿ. ವಿಮಾನ ಅಂದರೆ ಒಂದು ಕೊಳವೆ. ಮುಂದಿನ ತುದಿಯಲ್ಲಿ ಪೈಲಟ್, ಹಿಂದಿನ ತುದಿಯಲ್ಲಿ ಬಾಲ. ಜನರನ್ನು ಹತ್ತಿಸುವುದಾದರೆ ಪಕ್ಕದಲ್ಲಿ ಒಂದು ಬಾಗಿಲು ಕೊರೆದರೆ ಸಾಕು, ಮನುಷ್ಯ ಒಳಗೆ ಹೋಗಿ ಎಡಕ್ಕೋ ಬಲಕ್ಕೋ ತಿರುಗುತ್ತಾನೆ. ಉದ್ದದ ಸಾಮಾನು ತಿರುಗುವುದಿಲ್ಲ. ನಮ್ಮ ಕಡೆಯ ಹಳೇ ಮನೆಗೆ ಹೊಸ ಬೀರು ತಂದವರಿಗೆ ಇದು ಗೊತ್ತು. ಜಗಲಿವರೆಗೆ ಆರಾಮಾಗಿ ಬರುತ್ತದೆ, ಒಳಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಊರಿನವರೆಲ್ಲ ಬಂದು ಸಲಹೆ ಕೊಡುತ್ತಾರೆ. ಹಾಗಾಗಿ ಉದ್ದದ ಸರಕು ಹೋಗಬೇಕಾದರೆ ಕೊಳವೆಯ ಒಂದು ತುದಿಯನ್ನೇ ತೆರೆಯಬೇಕು. ತೆರೆಯೋಣ ಅಂದರೆ ಮುಂದೆ ಪೈಲಟ್ ಕೂತಿದ್ದಾನೆ, ಹಿಂದೆ ಬಾಲ ಇದೆ. ಆ ಎರಡರ ನಡುವೆ ವಿಮಾನವನ್ನು ನಡೆಸುವ ಕೇಬಲ್‌ಗಳು, ಪೈಪ್‌ಗಳು, ವೈರ್‌ಗಳು ಓಡುತ್ತವೆ.

ಇದಕ್ಕೆ ಒಬ್ಬೊಬ್ಬ ಎಂಜಿನಿಯರ್ ಒಂದೊಂದು ಉಪಾಯ ಮಾಡಿದ. ನಾವು ಬಾಯಿ ಬಿಟ್ಟು ನೋಡುವ ವಿಮಾನಗಳು ಹುಟ್ಟಿದ್ದು ಹೀಗೆ.

ಎಲ್ಲರಿಗೂ ಗೊತ್ತಿರುವ ಬೋಯಿಂಗ್ 747 ತಗೊಳ್ಳಿ. ಆ ಮುಂದಿನ ಗೂನು ಯಾಕೆ? ಬಹಳ ಜನ ಅದು ಶ್ರೀಮಂತರಿಗೆ ಮಾಡಿದ ಮಹಡಿ ಅಂದುಕೊಂಡಿದ್ದಾರೆ. 1960ರ ದಶಕದಲ್ಲಿ, ಇನ್ನು ಮುಂದೆ ಜನರೆಲ್ಲ ಶಬ್ದಕ್ಕಿಂತ ವೇಗದ ವಿಮಾನದಲ್ಲೇ ಓಡಾಡುತ್ತಾರೆ, 747 ಕೊನೆಗೆ ಸರಕು ಹೊರುವುದಕ್ಕೆ ಉಳಿಯುತ್ತದೆ ಅನ್ನೋ ಲೆಕ್ಕ ಇತ್ತು. ಸರಕು ಅಂದಮೇಲೆ ಮೂಗು ಮೇಲಕ್ಕೆ ತೆರೆಯಬೇಕು. ಮೂಗು ತೆರೆಯಬೇಕಾದರೆ ಪೈಲಟ್ ದಾರಿಗೆ ಅಡ್ಡ ಇರಬಾರದು. ಅವನನ್ನು ಮೇಲೆ ಕೂರಿಸಿದರು, ಗಾಳಿ ಸರಾಗವಾಗಿ ಹರಿಯಲಿ ಅಂತ ಅವನ ಹಿಂದೆ ಇಳಿಜಾರು ಎಳೆದರು, ಗೂನು ಬಂತು. ಗೂನು ಬಂದಮೇಲೆ ಒಳಗೆ ಜಾಗ ಉಳಿಯಿತು, ಜಾಗ ಉಳಿದಮೇಲೆ ಅಲ್ಲಿ ಸೋಫಾ ಹಾಕಿದರು. 1971ರಲ್ಲಿ ಏರ್ ಇಂಡಿಯಾಗೆ 747 ಬಂದಾಗ ಕಿಟಕಿಗಳ ಸುತ್ತ ಹೊರಗಡೆ ರಾಜಸ್ಥಾನದ ಝರೋಖಾ ಥರ ಕಮಾನು ಬರೆಸಿದ್ದರು, ಹಳೇ ಫೋಟೋ ನೋಡಿರುತ್ತೀರಿ. ತಮಾಷೆ ಏನಂದರೆ ಆ ಪ್ಯಾಸೆಂಜರ್ ವಿಮಾನಗಳಿಗೆ ಮೂಗಿನ ಬಾಗಿಲೇ ಇರಲಿಲ್ಲ. ಇಲ್ಲದ ಬಾಗಿಲಿಗೋಸ್ಕರ ಬಂದ ಗೂನು ಹೊತ್ತುಕೊಂಡು ಅವು ದೇಶ ದೇಶ ಸುತ್ತಿದವು. ಹಳೇ ಲೆಕ್ಕ ಪೂರ್ತಿ ಸುಳ್ಳೂ ಆಗಲಿಲ್ಲ ಅನ್ನಿ. ಒಟ್ಟು 1,574 ವಿಮಾನ ಆದವು, 2023ರ ಜನವರಿ ಕೊನೆಗೆ ಗಿರಾಕಿಯ ಕೈಗೆ ಒಪ್ಪಿಸಿದ ಕಟ್ಟಕಡೆಯದು ಸರಕಿನದ್ದೇ, ಮೂಗು ತೆರೆಯುವಂಥದ್ದು.

ಈಗ ಸ್ಲೈಡ್‌ನಲ್ಲಿ ಇರುವುದನ್ನು ನೋಡಿ. ನಗಬೇಡಿ. ಇದು ನಿಜವಾದ ಫೋಟೋ, ಕಂಪ್ಯೂಟರಲ್ಲಿ ಊದಿಸಿದ್ದಲ್ಲ. ಹೆಸರು ಸೂಪರ್ ಗಪ್ಪಿ.

ಅಮೆರಿಕದವರು ಚಂದ್ರನಿಗೆ ಹೊರಟಿದ್ದ ಕಾಲ. ರಾಕೆಟ್‌ನ ಕೆಲವು ಭಾಗ ತಯಾರಾಗುವುದು ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ, ಉಡಾವಣೆ ಪೂರ್ವದ ಫ್ಲೋರಿಡಾದಲ್ಲಿ. ಹೆದ್ದಾರಿ ಸೇತುವೆ ಕೆಳಗೆ ನುಗ್ಗುವ ಗಾತ್ರವಲ್ಲ ಅದು. ಹಡಗಿಗೆ ಹಾಕಿದರೆ ಪನಾಮಾ ಕಾಲುವೆ ಸುತ್ತಿಕೊಂಡು ಹೋಗಬೇಕು. ಜಾಕ್ ಕಾನ್ರಾಯ್ ಅನ್ನೋ ಪೈಲಟ್ ಒಬ್ಬ, ಯಾರಿಗೂ ಬೇಡವಾಗಿ ಬಿದ್ದಿದ್ದ ಹಳೇ ಬೋಯಿಂಗ್ ಸ್ಟ್ರಾಟೋಕ್ರೂಸರ್ ತಗೊಂಡು ಅದರ ಬೆನ್ನ ಮೇಲೆ ದೊಡ್ಡ ಗುಮ್ಮಟ ಕಟ್ಟಿಸಿದ. 1962ರಲ್ಲಿ ಹಾರಿದ ಮೊದಲನೆಯದರಲ್ಲಿ ಸರಕು ತುಂಬಬೇಕಾದರೆ ವಿಮಾನದ ಹಿಂಭಾಗವನ್ನೇ ಕಳಚಿ ಎಳೆಯಬೇಕಿತ್ತು. ಆಮೇಲೆ ಬಂದ ಸೂಪರ್ ಗಪ್ಪಿಯಲ್ಲಿ ಕಳಚುವ ಬದಲು ಕೀಲು ಹಾಕಿದರು. ಹಿಂದಕ್ಕಲ್ಲ, ಮುಂದಕ್ಕೆ. ಪೈಲಟ್ ಸೀಟು, ಗಾಜು, ಮೀಟರ್‌ಗಳು ಎಲ್ಲ ಸೇರಿದ ಇಡೀ ತಲೆ ಗೇಟಿನ ಹಾಗೆ ಪಕ್ಕಕ್ಕೆ ತಿರುಗುತ್ತದೆ. ಪ್ರತಿ ಸಲ ಕುತ್ತಿಗೆ ಹತ್ತಿರ ಕಂಟ್ರೋಲ್‌ಗಳನ್ನು ಬಿಡಿಸಬೇಕು, ತುಂಬಿದ ಮೇಲೆ ಮತ್ತೆ ಜೋಡಿಸಬೇಕು. ಆ ಜೋಡಿಸುವ ಕೆಲಸ ಮಾಡುವ ಮೆಕ್ಯಾನಿಕ್ ರಾತ್ರಿ ನಿದ್ದೆ ಹೇಗೆ ಮಾಡುತ್ತಿದ್ದ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಯುರೋಪಿನ ಏರ್‌ಬಸ್‌ನವರು ಶುರುವಿನಲ್ಲಿ ಈ ಗಪ್ಪಿಗಳನ್ನೇ ಇಟ್ಟುಕೊಂಡಿದ್ದರು. ಅವರ ವಿಮಾನದ ರೆಕ್ಕೆ ಒಂದು ದೇಶದಲ್ಲಿ, ಹೊಟ್ಟೆ ಇನ್ನೊಂದು ದೇಶದಲ್ಲಿ ತಯಾರಾಗುತ್ತಿತ್ತು, ಆಗ ಜೋಡಿಸುತ್ತಿದ್ದುದು ಫ್ರಾನ್ಸಿನ ಟೂಲೂಸ್‌ನಲ್ಲಿ. ಏರ್‌ಬಸ್ ಹುಟ್ಟಬೇಕಾದರೂ ಬೋಯಿಂಗ್ ರೆಕ್ಕೆಯೇ ಬೇಕು ಅಂತ ಆಗ ಜನ ಕಾಲೆಳೆಯುತ್ತಿದ್ದರು. ಆ ಮಾತು ಚುಚ್ಚಿತೋ ಏನೋ, 1994ರಲ್ಲಿ ಬೆಲುಗಾ ಅನ್ನೋ ತಿಮಿಂಗಿಲದ ಹೆಸರಿನ ತಮ್ಮದೇ ವಿಮಾನ ಹಾರಿಸಿದರು. ಇಲ್ಲಿ ನೋಡಿ ಜಾಣತನ. ತಲೆಯನ್ನು ತಿರುಗಿಸುವ ಗೊಡವೆಯೇ ಬೇಡ ಅಂತ ಪೈಲಟ್‌ಗಳನ್ನು ಸರಕಿನ ನೆಲಕ್ಕಿಂತ ಕೆಳಗೆ ಇಳಿಸಿಬಿಟ್ಟರು. ಬಾಗಿಲು ಅವರ ನೆತ್ತಿಯ ಮೇಲೆ, ಮೇಲಕ್ಕೆ ತೆರೆಯುತ್ತದೆ. ಒಂದು ವೈರನ್ನೂ ಮುಟ್ಟಬೇಕಿಲ್ಲ. ತಿಮಿಂಗಿಲದ ಹಣೆ ಅಂತೀವಲ್ಲ, ಆ ಹಣೆಯೇ ಬಾಗಿಲು. 2018ರಲ್ಲಿ ಹಾರಿದ ದೊಡ್ಡ ಬೆಲುಗಾಗೆ ಕಣ್ಣು, ನಗುಮುಖ ಬೇರೆ ಬರೆದಿದ್ದಾರೆ. ನನಗೆ ಅದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತದೆ. ಮಕ್ಕಳು ಒಪ್ಪುವುದಿಲ್ಲ, ಸರಿ ಬಿಡಿ.

ಬೋಯಿಂಗ್‌ನವರು 787 ಅನ್ನೋ ಪ್ರಯಾಣಿಕ ವಿಮಾನದ ಭಾಗಗಳನ್ನು ಸಾಗಿಸಲು ನಾಲ್ಕು ಹಳೇ 747 ತಗೊಂಡು, ಹೊಟ್ಟೆ ಉಬ್ಬಿಸಿ, ಬಾಲವನ್ನು ಪಕ್ಕಕ್ಕೆ ತಿರುಗುವ ಹಾಗೆ ಮಾಡಿದರು. ಡ್ರೀಮ್‌ಲಿಫ್ಟರ್ ಅಂತ ಹೆಸರು. ತೆರೆದ ಬಾಲದ ಭಾರ ಹೊರುವುದಕ್ಕೇ ಕೆಳಗೆ ಬೇರೆ ಗಾಡಿ ಬೇಕು. ಚೆನ್ನಾಗಿಲ್ಲ ನೋಡೋಕೆ. ಮುಂದೆ ಹೋಗೋಣ.

ಇಷ್ಟೆಲ್ಲ ಒದ್ದಾಟ ಯಾಕೆ, ಲಾರಿಯಲ್ಲಿ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ನಾವು ಘಟ್ಟದವರು, ನಮಗೆ ಇದನ್ನು ಅರ್ಥ ಮಾಡಿಸಬೇಕಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಭಾರೀ ವಾಹನ ಬಿಡುವುದೇ ಇಲ್ಲ. ಆ ರಸ್ತೆಯಲ್ಲಿ 40 ಮೀಟರ್ ಉದ್ದದ ಒಂದೇ ತುಂಡನ್ನು ಇಳಿಸುವುದನ್ನು ಯೋಚನೆ ಮಾಡಿ. ಎರಡು ಮಹಡಿಯ ದೊಡ್ಡ ಪ್ರಯಾಣಿಕ ವಿಮಾನ ಎ380 ಕಟ್ಟುವಾಗ ಏರ್‌ಬಸ್‌ಗೆ ಇದೇ ಕಷ್ಟ ಬಂತು, ಅದರ ತುಂಡುಗಳು ಬೆಲುಗಾದಲ್ಲೂ ಹಿಡಿಸಲಿಲ್ಲ. ಹಡಗು, ಆಮೇಲೆ ನದಿಯ ದೋಣಿ, ಆಮೇಲೆ ರಸ್ತೆ. ಟೂಲೂಸ್‌ಗೆ ಹೋಗುವ ದಾರಿಯಲ್ಲಿ ಲೆವಿನ್ಯಾಕ್ ಅಂತ ಒಂದು ಸಣ್ಣ ಹಳ್ಳಿ. ರಾತ್ರಿ ರಸ್ತೆ ಬಂದ್ ಮಾಡಿ, ಎ380ರ ಹೊಟ್ಟೆ ಹೊತ್ತ ಟ್ರೇಲರ್ ಆ ಊರಿನ ಬೀದಿಯಲ್ಲಿ ನಡಿಗೆಯ ವೇಗದಲ್ಲಿ ಸಾಗುತ್ತಿತ್ತು. ಮನೆಗಳ ಗೋಡೆಗೂ ಅದಕ್ಕೂ ಮೊಳ, ಒಂದೂವರೆ ಮೊಳದ ಅಂತರ. ಅದನ್ನು ನೋಡುವುದಕ್ಕೇ ಜನ ಮಕ್ಕಳನ್ನು ಕರೆದುಕೊಂಡು ಬಂದು ಕಾಯುತ್ತಿದ್ದರು. ನಮ್ಮ ಪಂಗಡದವರು ಎಲ್ಲ ಕಡೆ ಇದ್ದಾರೆ.

ಎ380 ಹೆಸರು ಎತ್ತಿದ ಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ. ಸೋಗಾನೆಯ ನಮ್ಮ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ 3.2 ಕಿಲೋಮೀಟರ್ ರನ್‌ವೇ ಇದೆಯಲ್ಲ ಸಾರ್, ಎ380 ಇಳಿಯಲ್ವಾ? ಬೆಂಗಳೂರಿಗೆ 2022ರ ಅಕ್ಟೋಬರ್‌ನಿಂದ ದುಬೈಯಿಂದ ಬರ್ತಾ ಇದೆ, ಇಲ್ಲಿಗೇಕೆ ಬರಬಾರದು? ಉದ್ದ ಮಾತ್ರ ನೋಡಬೇಡಿ, ಅಗಲ ನೋಡಿ. ಸಾಮಾನ್ಯವಾಗಿ ಇಂಥ ರನ್‌ವೇ 45 ಮೀಟರ್ ಅಗಲ. ಎ380ರ ಹೊರಗಿನ ಎರಡು ಎಂಜಿನ್ ನಡುವೆ ಅದಕ್ಕಿಂತ ಜಾಸ್ತಿ ದೂರ ಇದೆ. ಅಂದರೆ ಆ ಎಂಜಿನ್‌ಗಳು ಹುಲ್ಲಿನ ಮೇಲೆ ನೇತಾಡುತ್ತವೆ, ಕಲ್ಲು ಮಣ್ಣು ಹೀರಿಕೊಳ್ಳಬಹುದು. ಅದಕ್ಕೇ ಎ380ರಲ್ಲಿ ಇಳಿದಮೇಲೆ ವೇಗ ತಗ್ಗಿಸುವ ರಿವರ್ಸರ್ ಒಳಗಿನ ಎರಡು ಎಂಜಿನ್‌ಗೆ ಮಾತ್ರ ಇದೆ, ಹೊರಗಿನವಕ್ಕೆ ಇಲ್ಲ. ಇನ್ನು ಅಷ್ಟು ಭಾರ ತಡೆಯುವ ನೆಲ ಬೇಕು, ಮೇಲಿನ ಮಹಡಿಗೆ ಮುಟ್ಟುವ ಏಣಿ ಬೇಕು, ದೊಡ್ಡ ಅಗ್ನಿಶಾಮಕ ದಳ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಐನೂರು ಜನ ಒಟ್ಟಿಗೆ ಶಿವಮೊಗ್ಗಕ್ಕೆ ಹೊರಡಬೇಕು.

ಬಾಗಿಲಿನ ವಿಷಯಕ್ಕೆ ಬಂದರೆ ಎ380ದು ಒಂದು ಒಳ್ಳೇ ಕಥೆ, ಒಂದು ಬೇಜಾರಿನ ಕಥೆ. ಒಳ್ಳೆಯದು 2006ರ ಮಾರ್ಚ್‌ನದ್ದು, ತುರ್ತಿನಲ್ಲಿ ಎಲ್ಲರೂ ಎಷ್ಟು ಬೇಗ ಹೊರಬರಬಹುದು ಅಂತ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆಸಿದ ಪರೀಕ್ಷೆ. 853 ಪ್ರಯಾಣಿಕರು, 20 ಸಿಬ್ಬಂದಿ, ಹೊರಗೆ ಕತ್ತಲೆ. 16 ಬಾಗಿಲಲ್ಲಿ ಎಂಟು ಮಾತ್ರ ತೆರೆಯುತ್ತವೆ, ಯಾವ ಎಂಟು ಅಂತ ಒಳಗಿರುವವರಿಗೆ ಗೊತ್ತಿಲ್ಲ. 90 ಸೆಕೆಂಡಲ್ಲಿ ಎಲ್ಲರೂ ಜಾರುಬಂಡೆ ಮೇಲೆ ಜಾರಿ ಕೆಳಗಿಳಿಯಬೇಕು ಅನ್ನೋದು ನಿಯಮ. 78 ಸೆಕೆಂಡಲ್ಲಿ ಎಲ್ಲರೂ ಹೊರಗಿದ್ದರು. ನಮ್ಮಲ್ಲಿ ಬಸ್ ನಿಂತಮೇಲೆ ಐವತ್ತು ಜನ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಸುಮ್ನೆ ಒಂದು ಸಲ ಲೆಕ್ಕ ಹಾಕಿ ನೋಡಿ. ಬೇಜಾರಿನ ಕಥೆ ಸರಕಿನದ್ದು. ಎ380ರ ಪೈಲಟ್ ಕೂರುವುದು ಎರಡು ಮಹಡಿಗಳ ನಡುವಿನ ಎತ್ತರದಲ್ಲಿ, ಸರಿಯಾಗಿ ದಾರಿಗೆ ಅಡ್ಡ. 747ರ ಹಾಗೆ ಮೂಗು ತೆರೆಯುವ ಮಾತೇ ಇಲ್ಲ. ಸರಕಿನ ಎ380 ಬೇಕು ಅಂದಿದ್ದವರು 2007ರ ಹೊತ್ತಿಗೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ವಿಮಾನ ತಯಾರಾಗುವುದು ತಡ ಆಗಿದ್ದು ದೊಡ್ಡ ಕಾರಣ, ಆದರೆ ಬಾಗಿಲು ಸರಿ ಇದ್ದಿದ್ದರೆ ಇನ್ನೊಬ್ಬ ಗಿರಾಕಿ ಸಿಗುತ್ತಿದ್ದನೇನೋ ಅಂತ ನನ್ನ ಅನಿಸಿಕೆ. ವಯಸ್ಸಾದ 747 ಸರಕು ಹೊತ್ತು ಇನ್ನೂ ದುಡಿಯುತ್ತಿದೆ. ಪ್ರಯಾಣಿಕರ ಕೆಲಸ ಬಿಟ್ಟ ಎ380ಗೆ ಆ ದಾರಿ ಇಲ್ಲ, ಹತ್ತೇ ವರ್ಷ ಹಾರಿದ ಕೆಲವನ್ನು ಆಗಲೇ ಬಿಚ್ಚಿ ಬಿಡಿಭಾಗ ಮಾರಿದ್ದಾರೆ.

ಈಗ ನೀವೆಲ್ಲ ಕಾಯುತ್ತಿರುವುದಕ್ಕೆ ಬರ್ತೀನಿ. ಆಂಟೊನೊವ್ 225, ಮ್ರಿಯಾ.

ಮೊದಲು ಇದರ ಅಣ್ಣ ಆಂಟೊನೊವ್ 124 ನೋಡಿ, ಯಾಕಂದರೆ ಬಾಗಿಲು ಅದರದ್ದೇ. ಮೂಗು ಮೇಲಕ್ಕೇಳುತ್ತದೆ, ಪೈಲಟ್ ಮಹಡಿ ಮೇಲಿರುವುದರಿಂದ ಅವನಿಗೇನೂ ಆಗುವುದಿಲ್ಲ. ಆಮೇಲೆ ಮುಂದಿನ ಚಕ್ರದ ಕಾಲುಗಳು ಮುಂದಕ್ಕೆ ಮಡಚಿಕೊಂಡು ಇಡೀ ವಿಮಾನ ಮುಂದಕ್ಕೆ ಬಾಗುತ್ತದೆ. ನೂರಾರು ಟನ್ನಿನ ವಸ್ತು ಮೊಣಕಾಲೂರಿ ಕೂರುವುದನ್ನು ವಿಡಿಯೊದಲ್ಲಿ ನೋಡಿ, ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. 124ಕ್ಕೆ ಹಿಂದೆಯೂ ಬಾಗಿಲಿದೆ, ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯಬಹುದು. 225ರಲ್ಲಿ ಹಿಂದಿನ ಬಾಗಿಲನ್ನು ತೆಗೆದುಹಾಕಿದರು, ಬೇಕಿರಲಿಲ್ಲ. ಅದು ಹುಟ್ಟಿದ್ದೇ ಬುರಾನ್ ಅನ್ನೋ ಸೋವಿಯತ್ ಬಾಹ್ಯಾಕಾಶ ನೌಕೆಯನ್ನು ಬೆನ್ನ ಮೇಲೆ ಹೊರುವುದಕ್ಕೆ. ಬೆನ್ನ ಮೇಲೆ ಅಂಥ ಗುಡ್ಡ ಕೂತರೆ ಅದರ ಹಿಂದಿನ ಗಾಳಿ ಕದಡಿಹೋಗುತ್ತದೆ, ಮಧ್ಯದಲ್ಲಿ ಒಂದೇ ಬಾಲ ಇಟ್ಟರೆ ಕೆಲಸ ಮಾಡುವುದಿಲ್ಲ. ಅದಕ್ಕೇ ಎರಡು ಬಾಲ, ಎರಡೂ ತುದಿಯಲ್ಲಿ. 1988ರ ಡಿಸೆಂಬರ್‌ನಲ್ಲಿ ಹಾರಿತು, ಮುಂದಿನ ವರ್ಷ ಪ್ಯಾರಿಸ್ ಏರ್ ಶೋಗೆ ಬುರಾನ್ ಹೊತ್ತುಕೊಂಡೇ ಹೋಯಿತು. ಸೋವಿಯತ್ ಒಕ್ಕೂಟ ಮುರಿದಮೇಲೆ ಎಂಜಿನ್ ಕಿತ್ತು 124ಗಳಿಗೆ ಹಾಕಿದರು, ವರ್ಷಗಟ್ಟಲೆ ಬಯಲಲ್ಲಿ ನಿಂತಿತ್ತು. 2001ರಲ್ಲಿ ರಿಪೇರಿಯಾಗಿ ಸರಕಿನ ವಿಮಾನವಾಗಿ ಮತ್ತೆ ಹಾರಿತು. 2009ರಲ್ಲಿ ಜರ್ಮನಿಯಿಂದ ಅರ್ಮೇನಿಯಾಗೆ ಒಂದು ಜನರೇಟರ್ ಒಯ್ದಿತು, ಒಂದೇ ತುಂಡು, 190 ಟನ್ ಹತ್ತಿರ. ಮರುವರ್ಷ ಚೀನಾದಿಂದ ಡೆನ್ಮಾರ್ಕ್‌ಗೆ 42 ಮೀಟರ್ ಉದ್ದದ ಗಾಳಿಯಂತ್ರದ ರೆಕ್ಕೆಗಳು. ಮೂಗು ತೆರೆದಿಲ್ಲದಿದ್ದರೆ ಇವೆರಡೂ ಆಗುತ್ತಿರಲಿಲ್ಲ.

2016ರ ಮೇನಲ್ಲಿ ಅದು ಹೈದರಾಬಾದ್‌ಗೆ ಬಂದಿತ್ತು, ಆಸ್ಟ್ರೇಲಿಯಾಗೆ ಹೋಗುವ ದಾರಿಯಲ್ಲಿ. ಆ ಪ್ರಯಾಣದ ಕೊನೆಗೆ ಪರ್ತ್‌ನಲ್ಲಿ ಇಳಿದಾಗ ನೋಡಲು ಬಂದವರ ಕಾರುಗಳಿಂದ ಸುತ್ತಲಿನ ರಸ್ತೆಗಳೆಲ್ಲ ಜಾಮ್ ಆಗಿದ್ದವು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಕೆಲವೇ ದಿನದಲ್ಲಿ ಕೀವ್ ಪಕ್ಕದ ಹೊಸ್ತೊಮೆಲ್‌ನಲ್ಲಿ ಅದು ನಾಶವಾಯಿತು. ಹಾರಿದ್ದು ಒಂದೇ ಒಂದು. ಹೈದರಾಬಾದ್‌ಗೆ ರಾತ್ರಿ ಬಸ್ ಹತ್ತಿದರೆ ಮುಗಿಯುತ್ತಿತ್ತು, ಆಗ ಹೋಗದವರು ನಮ್ಮಲ್ಲಿ ಬಹಳ ಜನ ಇದ್ದೇವೆ, ಈಗ ಏನು ಮಾಡೋದು.

ಸರಕಿನ ಬಾಗಿಲೇ ಇಲ್ಲದ್ದು ಬೇಕು ಅಂದರೆ ಸ್ಟ್ರಾಟೋಲಾಂಚ್ ರಾಕ್ ಇದೆ. 117 ಮೀಟರ್ ರೆಕ್ಕೆ, ಇದುವರೆಗೆ ಹಾರಿದವುಗಳಲ್ಲಿ ಅಷ್ಟು ಅಗಲದ್ದು ಇನ್ನೊಂದಿಲ್ಲ. ಎರಡು ದೇಹ, ನಡುವೆ ರೆಕ್ಕೆಗೆ ಸರಕು ನೇತುಹಾಕುವುದು. ಪೈಲಟ್‌ಗಳು ಬಲಗಡೆಯ ದೇಹದಲ್ಲಿ ಕೂರುತ್ತಾರೆ, ಎಡಗಡೆಯ ಕಾಕ್‌ಪಿಟ್ ಕಿಟಕಿ ಸಮೇತ ಇದೆ, ಒಳಗೆ ಜನ ಇಲ್ಲ.

ಕೊನೆಗೆ ನಮ್ಮೂರಿನದ್ದು. 2023ರ ಆಗಸ್ಟ್ 31ಕ್ಕೆ ಸೋಗಾನೆಯಲ್ಲಿ ಮೊದಲ ಪ್ರಯಾಣಿಕ ವಿಮಾನ ಇಳಿಯಿತಲ್ಲ, ಎಟಿಆರ್ 72, ಅದನ್ನು ನಮ್ಮವರು ಕೆಲವರು ಮೂಸಿಯೂ ನೋಡುವುದಿಲ್ಲ. ಪಂಖದ ವಿಮಾನ, ಸಣ್ಣದು, ಬಿಡಿ ಅಂತಾರೆ. ಬಾಗಿಲು ನೋಡಿದ್ದೀರಾ? ಜನ ಹತ್ತುವುದು ಹಿಂದಿನ ಬಾಗಿಲಿಂದ. ಲಗೇಜು ತುಂಬುವ ದೊಡ್ಡ ಬಾಗಿಲು ಮುಂದೆ, ಪೈಲಟ್ ಬೆನ್ನ ಹಿಂದೆ. ಎಲ್ಲರೂ ಒಟ್ಟಿಗೆ ಹಿಂದೆ ಹತ್ತಿ ನಿಂತರೆ ಬಾಲ ಕೆಳಗೆ ಕೂತು ಮೂಗು ಮೇಲೆದ್ದುಬಿಡಬಹುದು. ಅದಕ್ಕೇ ವಿಮಾನ ನಿಂತ ತಕ್ಷಣ ಒಬ್ಬರು ಬಂದು ಬಾಲದ ಕೆಳಗೆ ಒಂದು ಕಂಬ ಸಿಕ್ಕಿಸುತ್ತಾರೆ. ಹೊರಡುವ ಮುಂಚೆ ತೆಗೆಯುತ್ತಾರೆ. ಇನ್ನೊಂದು, ಇದಕ್ಕೆ ದೊಡ್ಡ ಜೆಟ್‌ಗಳ ಹಾಗೆ ಬಾಲದಲ್ಲಿ ಪುಟ್ಟ ಎಂಜಿನ್ ಇಲ್ಲ. ನಿಂತಾಗ ಕರೆಂಟು, ಏಸಿ ಬೇಕಾದರೆ ಬಲಗಡೆಯ ಎಂಜಿನ್ ಓಡಿಸಿ ಪಂಖಕ್ಕೆ ಮಾತ್ರ ಬ್ರೇಕ್ ಹಾಕಬಹುದು. ಎಂಜಿನ್ ಕೂಗುತ್ತಿರುತ್ತದೆ, ಪಂಖ ಅಲ್ಲಾಡುವುದಿಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೊರಟಾಗ ಆ ಕಂಬ ನೋಡಿ ಬನ್ನಿ. ಫೋಟೋ ತೆಗೆಯುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಒಂದು ಮಾತು ಕೇಳಿ, ಸುಮ್ನೆ ಬೈಸಿಕೊಳ್ಳಬೇಡಿ. ಇನ್ನು ಪ್ರಶ್ನೆ ಕೇಳಬಹುದು. ಎ380 ಶಿವಮೊಗ್ಗಕ್ಕೆ ಬರುತ್ತಾ ಅನ್ನೋದೊಂದು ಬಿಟ್ಟು.