ಎಡಿತ್ ಹೆಡ್ ಅವರ ಟ್ರಯಲ್ ರೂಮು

ಕೇಳುಗರಿಗೆ ನಮಸ್ಕಾರ.

ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡುವ ಅಭ್ಯಾಸ ನಿಮಗಿದ್ದರೆ, ಟೈಟಲ್ ಕಾರ್ಡಿನಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಂಡಿರುತ್ತದೆ. ವಸ್ತ್ರ ವಿನ್ಯಾಸ, ಎಡಿತ್ ಹೆಡ್. ಆಸ್ಕರ್‌ಗೆ 35 ಸಲ ಅವರ ಹೆಸರು ಹೋಯಿತು, 8 ಸಲ ಬಹುಮಾನ ಬಂತು. ಇಷ್ಟು ಆಸ್ಕರ್ ಗೆದ್ದ ಇನ್ನೊಬ್ಬ ಹೆಂಗಸು ಇಲ್ಲ. ಈ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ನನಗೆ ಕುತೂಹಲ ಬೇರೆ ಕಡೆ ಇದೆ. ಎಡಿತ್ ಅಂಥ ದೊಡ್ಡ ಚಿತ್ರಕಾರರೇನೂ ಅಲ್ಲ. ಪ್ಯಾರಿಸ್ಸಿನವರ ಹಾಗೆ ಹೊಸ ಫ್ಯಾಷನ್ ಹುಟ್ಟಿಸಿದವರೂ ಅಲ್ಲ. ಹಾಗಿದ್ದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಊರಿನಲ್ಲಿ ನೆಲೆ ನಿಂತದ್ದು ಹೇಗೆ?

ಹುಟ್ಟಿದ್ದು 1897ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ. ಬರ್ಕ್ಲಿಯಲ್ಲಿ ಫ್ರೆಂಚ್ ಓದಿದರು, ಸ್ಟ್ಯಾನ್‌ಫರ್ಡ್‌ನಲ್ಲಿ ಎಂ.ಎ. ಮಾಡಿದರು, ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್ ಮೇಡಂ ಆದರು. ಜೊತೆಗೆ ಚಿತ್ರಕಲೆಯನ್ನೂ ಕಲಿಸುವ ಕೆಲಸ ಅಂಟಿಕೊಂಡಿತು. ಅದು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಸಂಜೆ ತರಗತಿಗೆ ಹೋಗಿ ಕಲಿಯುವುದು, ಬಂದು ಮಕ್ಕಳಿಗೆ ಹೇಳಿಕೊಡುವುದು, ಹೀಗೆ ನಡೆದಿತ್ತು. 1924ರ ಸುಮಾರಿಗೆ ಮುಂದೆ ಪ್ಯಾರಮೌಂಟ್ ಎಂದು ಹೆಸರಾದ ಸ್ಟುಡಿಯೊದಲ್ಲಿ ಉಡುಪಿನ ಚಿತ್ರ ಬರೆಯುವವರು ಬೇಕಾಗಿದ್ದರು. ಎಡಿತ್ ಹೋದರು, ಕೈಯಲ್ಲಿ ಒಂದು ಕಟ್ಟು ಚಿತ್ರ ಹಿಡಿದುಕೊಂಡು. ಅವೆಲ್ಲ ಸಹಪಾಠಿಗಳ ಚಿತ್ರಗಳು! ವಸ್ತ್ರ ವಿಭಾಗದ ಮುಖ್ಯಸ್ಥ ಹೊವರ್ಡ್ ಗ್ರಿಯರ್ ಮೆಚ್ಚಿಕೊಂಡರು, ಕೆಲಸ ಕೊಟ್ಟರು. ಈ ಕಥೆಯನ್ನು ಆಮೇಲೆ ಎಡಿತ್ ಅವರೇ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು.

ಗ್ರಿಯರ್ ಆದ ಮೇಲೆ ಟ್ರಾವಿಸ್ ಬ್ಯಾಂಟನ್ ಬಂದರು. ನಟಿ ಮಾರ್ಲೀನ್ ಡೀಟ್ರಿಚ್ ಅವರ ಗರಿಗಳು, ತುಪ್ಪಳಗಳು, ಆ ಮಿನುಗು, ಎಲ್ಲ ಬ್ಯಾಂಟನ್ ಕೈಚಳಕ. ಅವರಿಗೆ ಬೇಡವಾದ ಚಿಲ್ಲರೆ ಕೆಲಸವೆಲ್ಲ ಎಡಿತ್ ಪಾಲಿಗೆ. 1938ರಲ್ಲಿ ಬ್ಯಾಂಟನ್ ಸ್ಟುಡಿಯೊ ಬಿಟ್ಟಾಗ ಆ ಕುರ್ಚಿ ಎಡಿತ್‌ಗೆ ಸಿಕ್ಕಿತು. 1967ರವರೆಗೂ ಅವರು ಅದನ್ನು ಬಿಟ್ಟುಕೊಡಲಿಲ್ಲ.

ಆಗಿನ ಸ್ಟುಡಿಯೊ ಅಂದರೆ ಒಂದು ಕಾರ್ಖಾನೆಯೇ. ನಟ ನಟಿಯರು ತಿಂಗಳ ಸಂಬಳಗಾರರ ಹಾಗೆ ಕರಾರಿನಲ್ಲಿ ಇರುತ್ತಿದ್ದರು. ಅದೇ ಕಾಂಪೌಂಡಿನೊಳಗೆ ಕತ್ತರಿಸುವವರು, ಹೊಲಿಯುವವರು, ಮಣಿ ಪೋಣಿಸುವವರು, ಬಣ್ಣ ಹಾಕುವವರು, ಟೋಪಿ ಮಾಡುವವರು. ದೊಡ್ಡ ನಟಿಯರ ಮೈಯಳತೆಗೆ ಸರಿಯಾಗಿ ಹತ್ತಿ ತುಂಬಿದ ಬೊಂಬೆಗಳು ಸಾಲಾಗಿ ನಿಂತಿರುತ್ತಿದ್ದವು. ಸ್ಕ್ರಿಪ್ಟ್ ಬಂದರೆ ಯಾವ ದೃಶ್ಯಕ್ಕೆ ಯಾವ ಬಟ್ಟೆ ಎಂದು ಪಟ್ಟಿ. ಆಮೇಲೆ ಸ್ಕೆಚ್, ನಿರ್ದೇಶಕರ ಒಪ್ಪಿಗೆ, ನಟಿಯ ಒಪ್ಪಿಗೆ, ಹೊಲಿಗೆ, ಟ್ರಯಲ್, ಕೊನೆಗೆ ಕ್ಯಾಮೆರಾ ಮುಂದೆ ಪರೀಕ್ಷೆ. ಕಪ್ಪು ಬಿಳುಪಿನ ಕಾಲ ಬೇರೆ. ಕಣ್ಣಿಗೆ ಚೆಂದ ಕಂಡ ಕೆಂಪು ಬಣ್ಣ ಪರದೆಯ ಮೇಲೆ ಮಸಿಯಾಗಬಹುದು. ಎಡಿತ್ ನೀಲಿ ಗಾಜಿನ ಕನ್ನಡಕ ಹಾಕುತ್ತಿದ್ದದ್ದು ಇದಕ್ಕೇ. ಅದರಲ್ಲಿ ನೋಡಿದರೆ ಬಟ್ಟೆ ಫಿಲ್ಮಿನಲ್ಲಿ ಹೇಗೆ ಬೀಳುತ್ತದೆ ಎಂಬ ಅಂದಾಜು ಸಿಗುತ್ತಿತ್ತು. ಆಮೇಲೆ ಕನ್ನಡಕವೇ ಅವರ ಗುರುತಾಯಿತು. ಗಿಡ್ಡ ದೇಹ, ಹಣೆ ಮುಚ್ಚುವ ಕೂದಲು, ಯಾವಾಗಲೂ ಸಾದಾ ಸೂಟು. ಟ್ರಯಲ್ ರೂಮಿನ ಕನ್ನಡಿಯಲ್ಲಿ ನಟಿಯೇ ಕಾಣಬೇಕು, ಪಕ್ಕದಲ್ಲಿ ನಿಂತ ತಾನಲ್ಲ. ಇದು ಅವರ ಲೆಕ್ಕಾಚಾರ.

ನನ್ನ ಪ್ರಕಾರ ಅವರ ನಿಜವಾದ ವಿದ್ಯೆ ಆ ರೂಮಿನೊಳಗೇ ಇತ್ತು. ಬಾರ್ಬರಾ ಸ್ಟ್ಯಾನ್‌ವಿಕ್ ಅವರನ್ನೇ ತಗೊಳ್ಳಿ. ದೊಡ್ಡ ನಟಿ, ಆದರೆ ಫ್ಯಾಷನ್ ಬಟ್ಟೆ ಇವರಿಗೆ ಒಪ್ಪೋದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಸೊಂಟ ಉದ್ದ, ಹಿಂಭಾಗ ಸ್ವಲ್ಪ ಕೆಳಗೆ. 1941ರ 'ದಿ ಲೇಡಿ ಈವ್' ಚಿತ್ರಕ್ಕೆ ಎಡಿತ್ ಸೊಂಟಪಟ್ಟಿಯ ಅಗಲವನ್ನೂ ಸೊಂಟದ ಗೆರೆಯನ್ನೂ ಬದಲಿಸಿದರು, ಅಷ್ಟೇ. ಸ್ಟ್ಯಾನ್‌ವಿಕ್ ಬೇರೆಯೇ ಹೆಂಗಸಾಗಿ ಕಂಡರು. ಅದೇ ವರ್ಷ ಬೇರೆ ಸ್ಟುಡಿಯೊದ ಚಿತ್ರದಲ್ಲೂ ಅವರ ಬಟ್ಟೆಗೆ ಎಡಿತ್ ಅವರೇ ಹೋದರು. ಕುಂದು ಕಂಡರೂ ಬಾಯಿಬಿಟ್ಟು ಹೇಳದೆ ಹೊಲಿಗೆಯಲ್ಲೇ ಸರಿಮಾಡುವುದು ಸಣ್ಣ ವಿದ್ಯೆಯಲ್ಲ, ಅಲ್ವಾ?

ಇನ್ನು 1953ರ 'ರೋಮನ್ ಹಾಲಿಡೇ'. ಇದನ್ನು ಸಾಧ್ಯವಾದರೆ ಬಟ್ಟೆಗಾಗಿಯೇ ಇನ್ನೊಮ್ಮೆ ನೋಡಿ. ಆಡ್ರಿ ಹೆಪ್ಬರ್ನ್ ರಾಜಕುಮಾರಿ. ಮೊದಲಿಗೆ ನೆಲ ಗುಡಿಸುವಂಥ ಗೌನು, ಕಿರೀಟ, ಕೈಗವಸು. ಬಂದವರಿಗೆಲ್ಲ ಕೈಕುಲುಕಿ ಸಾಕಾಗಿ, ಆ ಗೌನಿನ ಒಳಗೇ ಮೆಲ್ಲಗೆ ಚಪ್ಪಲಿ ಕಳಚುತ್ತಾಳೆ. ಆಮೇಲೆ ಅರಮನೆಯಿಂದ ತಪ್ಪಿಸಿಕೊಂಡು ರೋಮ್ ಬೀದಿಗೆ ಬರುವಾಗ ಮೈಮೇಲೆ ಒಂದು ಸಾದಾ ಬ್ಲೌಸು, ಒಂದು ಸ್ಕರ್ಟು. ಬೀದಿ ಸುತ್ತುವಾಗ ಆ ಬಟ್ಟೆ ಬದಲಾಗುವುದೇ ಇಲ್ಲ. ಆದರೆ ಕುತ್ತಿಗೆಯ ಗುಂಡಿ ಬಿಚ್ಚುತ್ತದೆ. ತೋಳು ಮಡಿಚಿ ಮೇಲೇರುತ್ತದೆ. ಬೂಟು ಹೋಗಿ ಬೀದಿಯ ಚಪ್ಪಲಿ ಬರುತ್ತದೆ. ಕೂದಲಿಗೆ ಕತ್ತರಿ, ಕೊರಳಿಗೆ ಒಂದು ಸ್ಕಾರ್ಫು. ಹುಡುಗಿ ಹಗುರಾಗುತ್ತಾ ಹೋಗುವುದನ್ನು ಒಂದೇ ಬ್ಲೌಸು ಹೇಳಿಬಿಡುತ್ತದೆ, ಒಂದು ಮಾತೂ ಇಲ್ಲದೆ. ಅದಕ್ಕೆ ಬಂದ ಆಸ್ಕರ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ತಕರಾರು ಇರುವುದು ಮರುವರ್ಷದ್ದಕ್ಕೆ. 'ಸಬ್ರೀನಾ' ಚಿತ್ರದಲ್ಲಿ ಡ್ರೈವರನ ಮಗಳು ಅಡುಗೆ ಕಲಿಯಲು ಪ್ಯಾರಿಸ್ಸಿಗೆ ಹೋಗಿ, ಫ್ಯಾಷನ್ ಹುಡುಗಿಯಾಗಿ ಬರುತ್ತಾಳೆ. ಹಾಗಾಗಿ ಹೆಪ್ಬರ್ನ್ ಅವರನ್ನು ಪ್ಯಾರಿಸ್ಸಿಗೇ ಕಳಿಸಿದರು. ಅಲ್ಲಿ ಯುವ ವಿನ್ಯಾಸಕ ಹ್ಯೂಬರ್ಟ್ ಡಿ ಜಿವಾಂಶಿ ಅವರಿಂದ ಬಟ್ಟೆ ಬಂತು. ಮಿಸ್ ಹೆಪ್ಬರ್ನ್ ಬರುತ್ತಾರೆ ಎಂದಾಗ ಅವರು ಕಾದಿದ್ದು ಆಗಲೇ ಹೆಸರಾಗಿದ್ದ ಇನ್ನೊಬ್ಬ ನಟಿ ಕ್ಯಾಥರೀನ್ ಹೆಪ್ಬರ್ನ್ ಅವರಿಗಂತೆ! ಇವತ್ತು ಆ ಚಿತ್ರದ ಬಟ್ಟೆ ಎಂದರೆ ಜನ ನೆನೆಯುವುದು ಜಿವಾಂಶಿ ಮನೆಯಿಂದ ಬಂದ ಆ ಕಸೂತಿ ಗೌನು. ಆದರೆ ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿರಲಿಲ್ಲ. ಆಸ್ಕರ್ ಎಡಿತ್ ಹೆಡ್ ಅವರಿಗೆ. ವೇದಿಕೆಯ ಮೇಲೂ ಅವರು ಜಿವಾಂಶಿ ಹೆಸರು ಎತ್ತಲಿಲ್ಲ.

ಸ್ಟುಡಿಯೊ ಕಾಲದ ರೂಢಿಯೇ ಹಾಗಿತ್ತು. ಸ್ಕೆಚ್ ಯಾರದೇ ಇರಲಿ, ಸೂಜಿ ಯಾರದೇ ಇರಲಿ, ಹೆಸರು ವಿಭಾಗದ ಮುಖ್ಯಸ್ಥರದು. ಎಡಿತ್ ಒಬ್ಬರೇ ಹಾಗೆ ಮಾಡಿದರು ಎನ್ನಲಾಗದು. ಆದರೂ ಸಹಪಾಠಿಗಳ ಚಿತ್ರ ತೋರಿಸಿದ್ದನ್ನು ನಗುತ್ತಾ ಒಪ್ಪಿಕೊಂಡವರು ಆ ಸಂಜೆ ಒಂದು ಹೆಸರು ಹೇಳಬಹುದಿತ್ತು. ಕೆಲಸ ಬೇಕಿದ್ದ ಮೇಷ್ಟ್ರಮ್ಮ ಮಾಡಿದ್ದು ಬೇರೆ, ವಿಭಾಗ ಆಳುತ್ತಿದ್ದವರು ಮಾಡಿದ್ದು ಬೇರೆ. ಅವರನ್ನು ಮೆಚ್ಚುವ ನನಗೆ ಇದೊಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಿರ್ದೇಶಕರ ಮನಸ್ಸು ಓದುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಹಿಚ್‌ಕಾಕ್ ಅವರಂಥ ಹಟಮಾರಿಯ ಜೊತೆಗೂ ಚಿತ್ರದ ಮೇಲೆ ಚಿತ್ರ ಮಾಡಿದರು. 1958ರ 'ವರ್ಟಿಗೊ'ಗೆ ಹಿಚ್‌ಕಾಕ್ ಬೂದು ಬಣ್ಣದ ಸೂಟನ್ನೇ ಕೇಳಿದ್ದರು. ನಟಿ ಸ್ಯಾನ್ ಫ್ರಾನ್ಸಿಸ್ಕೊದ ಮಂಜಿನೊಳಗಿಂದ ಎದ್ದು ಬಂದ ಹಾಗೆ ಕಾಣಬೇಕಂತೆ. ಕಿಮ್ ನೊವಾಕ್ ಬಂದು, ಯಾವ ಬಣ್ಣವಾದರೂ ಸರಿ, ಬೂದು ಮಾತ್ರ ಬೇಡ ಎಂದರು. ಎಡಿತ್ ಜಗಳಕ್ಕೆ ಇಳಿಯಲಿಲ್ಲ. ನಟಿಯನ್ನು ನೇರ ನಿರ್ದೇಶಕರ ಹತ್ತಿರ ಸಾಗಹಾಕಿದರು. ಸೂಟು ಬೂದಾಗಿಯೇ ಉಳಿಯಿತು. ಆ ಬಿಗಿ ಸೂಟಿನ ಕಿರಿಕಿರಿಯೇ ಪಾತ್ರಕ್ಕೆ ಸಹಾಯವಾಯಿತು ಎಂದು ಕಿಮ್ ನೊವಾಕ್ ಎಷ್ಟೋ ವರ್ಷಗಳ ನಂತರ ಹೇಳಿದರು.

ಬಾನುಲಿಯಲ್ಲಿ ಕೂತು ಇನ್ನೊಂದು ಮಾತು ಹೇಳದಿದ್ದರೆ ಹೇಗೆ? ಆರ್ಟ್ ಲಿಂಕ್‌ಲೆಟರ್ ನಡೆಸುತ್ತಿದ್ದ 'ಹೌಸ್ ಪಾರ್ಟಿ' ಅಮೆರಿಕದ ರೇಡಿಯೊದಲ್ಲೂ ಟೆಲಿವಿಷನ್ನಿನಲ್ಲೂ ಬರುತ್ತಿದ್ದ ಜನಪ್ರಿಯ ಕಾರ್ಯಕ್ರಮ. ಎಡಿತ್ ಅಲ್ಲಿಗೆ ಬಂದು ಸಾಮಾನ್ಯ ಗೃಹಿಣಿಯರಿಗೆ ಬಟ್ಟೆಯ ಸಲಹೆ ಕೊಡುತ್ತಿದ್ದರು. ನಿಮಗೆ ಈ ಕಾಲರ್ ಬೇಡ, ಆ ಬೆಲ್ಟ್ ಬೇಡ ಎಂದು ಸ್ವಲ್ಪ ಖಾರವಾಗಿಯೇ. ತೆರೆಯ ಹಿಂದೆ ಕೆಲಸ ಮಾಡುವ ಒಬ್ಬ ಹೆಂಗಸಿನ ಮುಖ ಮನೆಮನೆಗೆ ಪರಿಚಯವಾದದ್ದು ಹೀಗೆ. ನಮ್ಮ ದೇಶಕ್ಕೆ ಮೊದಲ ಆಸ್ಕರ್ ತಂದವರೂ ಉಡುಪಿನವರೇ, 'ಗಾಂಧಿ' ಚಿತ್ರಕ್ಕೆ ಜಾನ್ ಮೊಲ್ಲೊ ಜೊತೆ ಹಂಚಿಕೊಂಡ ಕೊಲ್ಹಾಪುರದ ಭಾನು ಅಥಯ್ಯ. ಅವರ ಮುಖ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ.

1967ರಲ್ಲಿ ಪ್ಯಾರಮೌಂಟ್ ಬಿಟ್ಟಾಗ ಎಡಿತ್‌ಗೆ ಎಪ್ಪತ್ತರ ಹತ್ತಿರ. ಯೂನಿವರ್ಸಲ್ ಸ್ಟುಡಿಯೊ ಕರೆದುಕೊಂಡಿತು. ಎಂಟನೆಯ ಆಸ್ಕರ್ ಬಂದದ್ದು ಅಲ್ಲೇ, 'ದಿ ಸ್ಟಿಂಗ್' ಚಿತ್ರಕ್ಕೆ, ಅದೂ ಮುಖ್ಯವಾಗಿ ಗಂಡಸರ ಸೂಟು ಟೋಪಿಗಳಿಗೆ. ಕೊನೆಯ ಚಿತ್ರ ಒಂದು ತಮಾಷೆಯ ಪತ್ತೇದಾರಿ ಕಥೆ, ಸ್ಟೀವ್ ಮಾರ್ಟಿನ್ ನಾಯಕ. ನಲವತ್ತರ ದಶಕದ ಹಳೆಯ ಚಿತ್ರಗಳ ತುಣುಕುಗಳನ್ನು ಹೊಸ ದೃಶ್ಯಗಳ ನಡುವೆ ಹೊಲಿದು ಮಾಡಿದ್ದು. ಹಳೆಯ ತುಣುಕಿನ ಬಟ್ಟೆಗೂ ಹೊಸ ದೃಶ್ಯದ ಬಟ್ಟೆಗೂ ವ್ಯತ್ಯಾಸ ಕಾಣಬಾರದು. ಆ ತುಣುಕುಗಳಲ್ಲಿ ಒಂದು 1944ರ 'ಡಬಲ್ ಇಂಡೆಮ್ನಿಟಿ'ಯದು. ಅದಕ್ಕೆ ಬಟ್ಟೆ ಮಾಡಿದ್ದವರೂ ಎಡಿತ್ ಹೆಡ್ ಅವರೇ. 83 ದಾಟಿದ ಮೇಲೆ ಅವರಿಗೆ ಬಂದ ಕೆಲಸ, ತಮ್ಮದೇ ಹಳೆಯ ಹೊಲಿಗೆಗೆ ಜೋಡಿ ಹೊಂದಿಸುವುದು. 1981ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಚಿತ್ರ ಮರುವರ್ಷ ಬಿಡುಗಡೆಯಾಯಿತು, ಅವರಿಗೇ ಅರ್ಪಣೆ ಎಂಬ ಕಾರ್ಡಿನೊಂದಿಗೆ.

ನಮಸ್ಕಾರ.