ಪುಟ್ಟ ಆನಂದಿ ದೊಡ್ಡವಳಾದ ಮೇಲೆ

ಕೇಳುಗರಿಗೆ ನಮಸ್ಕಾರ.

ಬಾಲನಟರ ಮಾತು ಬಂದರೆ ಮಲೆನಾಡಿನವರಿಗೆ ಮೊದಲು ನೆನಪಾಗುವುದು ಆಗುಂಬೆಯ ದೊಡ್ಡಮನೆ, ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಅಲ್ಲಿ ಸ್ವಾಮಿಯಾಗಿ ಓಡಾಡಿದ ಮಾಸ್ಟರ್ ಮಂಜುನಾಥ್. ಇವತ್ತು ಹೇಳಹೊರಟಿರುವುದು ಮುಂಬೈನ ಅವಿಕಾ ಗೋರ್ ಅವರ ವಿಷಯ. 2008ರ ಜುಲೈನಲ್ಲಿ ಹಿಂದಿ ಧಾರಾವಾಹಿ ‘ಬಾಲಿಕಾ ವಧು’ ಶುರುವಾದಾಗ ಆನಂದಿಯಾಗಿದ್ದ ಅವರಿಗೆ 11 ವರ್ಷ. ಅದೇ ಕಥೆ ನಮ್ಮಲ್ಲಿ ‘ಪುಟ್ಟಗೌರಿ ಮದುವೆ’ಯಾಯಿತು, ಪುಟ್ಟಗೌರಿಯಾಗಿ ಸಾನ್ಯಾ ಅಯ್ಯರ್ ಮನೆಮಾತಾದರು.

ಧಾರಾವಾಹಿಯ ಮಗುವಿಗೆ ಪೆಟ್ಟು ಬೀಳುವುದು ಕಥೆ ‘ಲೀಪ್’ ತೆಗೆದುಕೊಂಡಾಗ. ಒಂದೇ ಸಂಚಿಕೆಯಲ್ಲಿ ಪಾತ್ರಕ್ಕೆ ಐದಾರು ವರ್ಷ ಕೂಡುತ್ತದೆ, ಮಗುವಿಗೆ ಕೂಡುವುದಿಲ್ಲ. 2010ರಲ್ಲಿ ಆನಂದಿಯ ಪಾತ್ರ ಬೇರೆಯವರ ಪಾಲಾಯಿತು. ಇಲ್ಲಿ ಗೌರಿ ದೊಡ್ಡವಳಾದಾಗ ರಂಜನಿ ರಾಘವನ್ ಬಂದರು. ಆಮೇಲಿನ ನಾಲ್ಕೈದು ವರ್ಷ ಬಲು ಕಷ್ಟ. ಮಗುವಿನ ಪಾತ್ರಕ್ಕೆ ಎತ್ತರ ಹೆಚ್ಚಾಯಿತು ಅನ್ನುತ್ತಾರೆ, ನಾಯಕಿಯ ಪಾತ್ರಕ್ಕೆ ವಯಸ್ಸು ಸಾಲದು ಅನ್ನುತ್ತಾರೆ.

ಅವಿಕಾ ಆ ಅಂತರವನ್ನು ದಾಟಿದ್ದು ಬೇಗ, ನನ್ನ ಮಟ್ಟಿಗೆ ತೀರಾ ಬೇಗ. 2011ರಲ್ಲಿ, 14 ತುಂಬುವ ಮೊದಲೇ, ‘ಸಸುರಾಲ್ ಸಿಮರ್ ಕಾ’ದಲ್ಲಿ ರೋಲಿಯಾದರು. ಶಾಲೆಗೆ ಹೋಗುವ ಹುಡುಗಿಗೆ ಮನೆಯ ಸೊಸೆಯ ಪಾತ್ರ ಕೊಡಬಾರದಿತ್ತು. ಕಿರುತೆರೆಯಲ್ಲಿ ಕೂತುಹೋಗದೆ 2013ರಲ್ಲಿ ‘ಉಯ್ಯಾಲ ಜಂಪಾಲ’ದ ಮೂಲಕ ತೆಲುಗಿಗೆ ಹೋದದ್ದು ಅವರ ಕೈ ಹಿಡಿಯಿತು. 2015ರಲ್ಲಿ ಕನ್ನಡದ ‘ಕೇರ್ ಆಫ್ ಫುಟ್‌ಪಾತ್ 2’ರಲ್ಲೂ ಇದ್ದರು. ಅದರ ನಿರ್ದೇಶಕ ಕಿಶನ್ ಕೂಡ ಬಾಲನಟರಾಗಿದ್ದವರೇ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಿಂದ ಮಕ್ಕಳನ್ನು ಆಡಿಷನ್‌ಗೆ ಕರೆದೊಯ್ಯುವವರು ಈಗಿನ ನಿಯಮ ತಿಳಿದಿರಬೇಕು. ಇದು 2017ರಲ್ಲಿ ಬಂದದ್ದು, ಅವಿಕಾ ಕಾಲದಲ್ಲಿ ಇರಲಿಲ್ಲ. 14 ತುಂಬದ ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ವಿರಾಮವಿಲ್ಲದೆ 3 ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರರು ಬೇಕು. ಎಡವಟ್ಟಾಗುವುದು ಗಂಟೆಯ ಲೆಕ್ಕದಲ್ಲಿ. ಬೆಳಗ್ಗೆ 7ಕ್ಕೆ ಮೇಕಪ್‌ಗೆ ಕೂತ ಮಗುವಿನ ಶಾಟ್ ಮಧ್ಯಾಹ್ನಕ್ಕೆ ಬಂದರೆ, ಕಾಯಿಸಿದ ಹೊತ್ತನ್ನು ಯಾರೂ ಬರೆದಿಡುವುದಿಲ್ಲ. ಸೆಟ್‌ಗೆ ಬಂದ ಸಮಯ, ಬಿಟ್ಟ ಸಮಯ ಎರಡನ್ನೂ ನೋಟ್‌ಬುಕ್ಕಿನಲ್ಲಿ ನೀವೇ ಬರೆಯಿರಿ, ಕಾಯುವ ಹೊತ್ತೂ ಸೇರುತ್ತದೆ ಎಂದು ಕರಾರಿನಲ್ಲಿ ಬರೆಸಿ.

ಹಣದ್ದು ಇನ್ನೊಂದು. ಗಳಿಕೆಯಲ್ಲಿ ಕನಿಷ್ಠ ಶೇಕಡ 20 ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ಎಫ್‌ಡಿಗೆ ಹೋಗಬೇಕು, ಲಕ್ಷಕ್ಕೆ 20 ಸಾವಿರ. ಅದು ಮಗುವಿನ ಕೈಗೆ ಬರುವುದು ಪ್ರಾಯಕ್ಕೆ ಬಂದ ಮೇಲೆ. ಪೂರ್ತಿ ಚೆಕ್ಕು ಅಪ್ಪನ ಖಾತೆಗೆ ಬಿದ್ದರೆ ಆ ಪಾಲು ಮನೆಖರ್ಚಿನಲ್ಲೇ ಕರಗುತ್ತದೆ. ಹಾಗಾಗಿ ಮೊದಲ ಕಾಲ್‌ಶೀಟ್‌ಗೆ ಮುಂಚೆಯೇ ಖಾತೆ ತೆರೆಸಿಬಿಡಿ.

ಅನುಮತಿ ಪಡೆಯಬೇಕಾದವರು ನಿರ್ಮಾಪಕರು, ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ. ಆಗುಂಬೆಯಲ್ಲಾದರೆ ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಾದರೆ ಅಲ್ಲಿ. ನಿರ್ಮಾಪಕರು ಜಿಲ್ಲಾಧಿಕಾರಿಗೆ ಬರೆದುಕೊಡುವ ಮುಚ್ಚಳಿಕೆಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಅದರ ಅವಧಿ ಆರೇ ತಿಂಗಳು, ದಿನಾಂಕ ನೋಡಿಕೊಳ್ಳಿ.