ಏರಿ, ತೂಬು, ಕೋಡಿ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದವರಿಗೆ ನೀರಿನ ಬೆಲೆ ಹೇಳುವ ಅಧಿಕಪ್ರಸಂಗ ಮಾಡುವುದಿಲ್ಲ. ನನ್ನ ತಕರಾರು ಒಂದೇ. ಕೆರೆಯ ಹೂಳೆತ್ತಲು ದುಡ್ಡು ಬರುತ್ತದೆ, ಒಡೆದ ಏರಿ, ಅಂದರೆ ಕೆರೆಯ ಕಟ್ಟೆ, ಕಟ್ಟಲು ಬರುತ್ತದೆ, ಉದ್ಘಾಟನೆಯ ಕಲ್ಲಿಗೂ ಬರುತ್ತದೆ. ವರ್ಷಕ್ಕೊಮ್ಮೆ ಏರಿಯ ಜಾಲಿ ಕೀಳಿಸಲು ಮಾತ್ರ ಬರುವುದಿಲ್ಲ. ಜಾಲಿ ಕಿತ್ತವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲವಲ್ಲ!

ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ ಎಂದು ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಜಮೀನು, ಹುಟ್ಟುವಳಿಯ ಪಾಲು. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಇತ್ತು.

ಈಗ ಏರಿಗೆ ಬರೋಣ. ಜಾಲಿಯನ್ನು ಸಸಿಯಿದ್ದಾಗಲೇ ಬೇರು ಸಮೇತ ಕೀಳಬೇಕು. ದೊಡ್ಡ ಮರ ಕಡಿದು ಬೊಡ್ಡೆ ಬಿಟ್ಟರೆ ಬೇರು ಕೊಳೆತು, ಅದೇ ನೀರಿಗೆ ಕೊಳವೆಯಾಗುತ್ತದೆ. ಬೇಸಿಗೆಯಲ್ಲಿ, ಕೆರೆ ತಳ ಕಂಡಾಗ, ಬೇರು ತೆಗೆದು ಹಸಿ ಜಿಗುಟು ಮಣ್ಣನ್ನು ಅರ್ಧ ಅಡಿಯಂತೆ ಹಾಕುತ್ತಾ ಕುಟ್ಟಿ ದಮ್ಮಸ್ಸು ಮಾಡಿ. ಇಲಿ ಬಿಲಕ್ಕೂ ಹುತ್ತಕ್ಕೂ ಇದೇ ಮದ್ದು. ಹುತ್ತ ಎಂದಾಗ ಕೈ ಮುಗಿಯುವವರು ಮುಗಿಯಿರಿ, ಆಮೇಲೆ ಅಗೆಯಿರಿ.

ಏರಿಯ ಹಿಂದೆ ನೀರು ಜಿನುಗುತ್ತಿದ್ದರೆ ಬಣ್ಣ ನೋಡಿ. ತಿಳಿಯಾಗಿದ್ದರೆ ದಿನಾ ಗಮನಿಸಿ. ಕೆಂಪಗೆ, ಕದಡಿ ಬಂದರೆ ಒಳಗಿನ ಮಣ್ಣು ಹೊರಟಿದೆ ಎಂದೇ ಅರ್ಥ. ಆಗ ಜನ ಗಾಬರಿಯಲ್ಲಿ ಜಿನುಗುವ ಬಾಯಿಗೆ ಜೇಡಿಮಣ್ಣು ಮೆತ್ತುತ್ತಾರೆ. ಒತ್ತಡ ಹಾಗೇ ಇರುತ್ತದೆ, ನೀರು ಪಕ್ಕದಲ್ಲಿ ಬಾಯಿ ತೆರೆಯುತ್ತದೆ. ಅದರ ಬದಲು ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿ. ನೀರು ಹೋಗಲಿ, ಮಣ್ಣು ನಿಲ್ಲಲಿ. ಜೊತೆಗೆ ನೀರು ಬಿಡುವ ತೂಬು ಎತ್ತಿ ಕೆರೆಯ ಮಟ್ಟ ಇಳಿಸಿ.

ಆದರೆ ತೂಬು ಎತ್ತಲು ಬರಬೇಕಲ್ಲ! ಮಳೆಗಾಲಕ್ಕೆ ಮುಂಚೆ ಸ್ಕ್ರೂ ರಾಡಿಗೆ ಗ್ರೀಸ್ ಹಚ್ಚಿ ಪೂರ್ತಿ ಎತ್ತಿ, ಇಳಿಸಿ. ತುಕ್ಕು ಹಿಡಿದದ್ದಕ್ಕೆ ಪೈಪು ಸಿಕ್ಕಿಸಿ ತಿರುವಿದರೆ ರಾಡು ಬಾಗುತ್ತದೆ.

ಇನ್ನು ಕೋಡಿ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ. ಅರ್ಧ ಅಡಿ ನೀರು ಹೆಚ್ಚು ನಿಲ್ಲಲಿ ಎಂದು ಮರಳಿನ ಚೀಲ ಅಡ್ಡ ಇಡುವ ಜಾಣರಿದ್ದಾರೆ. ಇನ್ನು ಕೆಲವರು, ಕೋಡಿ ಬೀಳುವುದೇ ಇಲ್ಲ ಬಿಡ್ರಿ ಎಂದು ಕೋಡಿಹಳ್ಳವನ್ನೇ ಉತ್ತು ಮೆಕ್ಕೆಜೋಳ ಹಾಕುತ್ತಾರೆ. ಮಾರಿಕಣಿವೆ ಅಣೆಕಟ್ಟು ನೋಡಿ. ಅದೇ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಷ್ಟೂ ಕಾಲ ಕೋಡಿ ಒಣಗಿತ್ತೆಂದು ಮುಚ್ಚಿಬಿಟ್ಟಿದ್ದರೆ? 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಅದಾದರೂ ಕಲ್ಲಿನ ಕಟ್ಟೆ. ನಮ್ಮದು ಮಣ್ಣಿನ ಏರಿ, ನೀರು ಮೇಲೆ ಹತ್ತಿ ಹರಿಯಿತೆಂದರೆ ಹಿಂಬದಿಯಿಂದ ಕೊರೆದುಕೊಂಡು ಬರುತ್ತದೆ. ಚೀಲ ಇಟ್ಟವರನ್ನು ಆಮೇಲೆ ಹುಡುಕಿ ಏನು ಮಾಡುತ್ತೀರಿ?

ಹೊತ್ತಾಯಿತೆಂದು ಚೀಟಿ ಬಂತು. ಕೆರೆಗೆ ನೀರು ತರುವ ಕಾಲುವೆ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿಗಳ ಸಂಬಳ ಎರಡೂ ಉಳಿದವು. ಒಂದು ಮಾತು ಹೇಳಿ ಇಳಿಯುತ್ತೇನೆ. ಹೂಳೆತ್ತುವಾಗ ಜೆಸಿಬಿಯವನು ಹತ್ತಿರ ಸಿಕ್ಕಿತೆಂದು ಏರಿಯ ಬುಡಕ್ಕೇ ಬಕೆಟ್ ಹಾಕುತ್ತಾನೆ, ಬಿಡಬೇಡಿ. ಕೆರೆಯಂಗಳದ ನಡುವಿಗೆ ಕಳಿಸಿ. ಕಾಲುವೆಯ ಪ್ರಶ್ನೆಗಳನ್ನು ಊಟದ ಹೊತ್ತಿಗೆ ಕೇಳಿ.